ಮುಳಬಾಗಿಲಿನ ಹೊಲಿಗೆ ಕೋಣೆಯ ಗಾಳಿ

ನಾನು ಕಟ್ಟಿದ ಯಂತ್ರವೇ ಒಬ್ಬ ಬಸುರಿ ಹೆಣ್ಣುಮಗಳ ಎದೆಗೆ ಕಾಯಿಲೆ ಮುಟ್ಟಿಸಿತೇನೋ ಎಂಬ ಹೆದರಿಕೆಯಲ್ಲಿ ನಾನು ಇಡೀ ಒಂದು ಚಳಿಗಾಲ ಕಳೆದಿದ್ದೇನೆ. ಅದನ್ನು ಕಟ್ಟಿದ್ದು ಕಾಯಿಲೆಯನ್ನು ತಡೆಯುವುದಕ್ಕೆ. ಅದಕ್ಕೇ ಈ ವಿಷಯ ಯಾರಿಗಾದರೂ ಹೇಳಹೊರಟರೆ ಇವತ್ತಿಗೂ ನಾಲಿಗೆ ತಡವರಿಸುತ್ತದೆ.

ಕೋಲಾರದ ಹೊರವಲಯದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಜೊತೆಗೆ ಪಿಎಚ್.ಡಿ. ಸಂಶೋಧನೆ. ಮುಚ್ಚಿದ ಕೋಣೆಗಳ ಗಾಳಿಯಲ್ಲಿ ತೇಲುವ ರೋಗಾಣುಗಳನ್ನು ಕಡಿಮೆ ಖರ್ಚಿನಲ್ಲಿ ಹೇಗೆ ಹಿಡಿಯಬಹುದು ಎಂಬುದು ನನ್ನ ವಿಷಯ. ಕೊರೊನಾ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದೇ ಮಾತಿತ್ತು. ಕೊರೊನಾ ಇಳಿದ ಮೇಲೆ ಮಾಸ್ಕಿನ ಜೊತೆಗೆ ಆ ಮಾತನ್ನೂ ಜನ ತೆಗೆದಿಟ್ಟರು. ನನಗೆ ಮಾತ್ರ ಬಿಡಲಾಗಲಿಲ್ಲ. ಕೆಮ್ಮಿದವರ ಬಾಯಿಂದ ಹೊರಟ ಕಣ್ಣಿಗೆ ಕಾಣದ ಹನಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತಿರುತ್ತದೆ. ದೊಡ್ಡ ಆಸ್ಪತ್ರೆಗಳು ಅದಕ್ಕೆ ದೊಡ್ಡ ಯಂತ್ರಗಳನ್ನು ತರಿಸಿಕೊಳ್ಳುತ್ತವೆ. ಹತ್ತು ಹನ್ನೆರಡು ಜನ ದಿನವಿಡೀ ಕೂತು ದುಡಿಯುವ ಸಣ್ಣ ಕೋಣೆಗಳಿಗೆ ಏನಿದೆ?

ನನ್ನ ಉತ್ತರ ಒಂದು ಪೆಟ್ಟಿಗೆ. ನಾಲ್ಕು ಗೋಡೆಗಳ ಜಾಗದಲ್ಲಿ ನಾಲ್ಕು ಫಿಲ್ಟರ್, ಮೇಲೆ ಮಲಗಿಸಿದ ಒಂದು ಫ್ಯಾನ್. ಫಿಲ್ಟರುಗಳನ್ನು ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಅಳತೆಗೆ ಮಾಡಿಸಿಕೊಂಡಿದ್ದೆವು. ಫ್ಯಾನು ಕೋಣೆಯ ಗಾಳಿಯನ್ನು ನಾಲ್ಕೂ ಕಡೆಯಿಂದ ಎಳೆದು, ಸೋಸಿ, ಮೇಲಕ್ಕೆ ಊದುತ್ತದೆ. ಅಷ್ಟೇ. ನೋಡಿದವರು ಕೂಲರ್ ಅಂದುಕೊಳ್ಳುತ್ತಿದ್ದರು.

ಅದನ್ನು ಇಟ್ಟು ಪರೀಕ್ಷಿಸಲು ನಿಜವಾದ ಕೋಣೆ ಬೇಕಿತ್ತು. ಪರಿಚಯದವರೊಬ್ಬರು ಮುಳಬಾಗಿಲಿನ ಒಂದು ಓಣಿಯಲ್ಲಿ ಮನೆಯ ಮಹಡಿಯ ಮೇಲೆ ನಡೆಯುವ ಹೊಲಿಗೆ ಕೆಲಸದ ಜಾಗ ತೋರಿಸಿದರು. ಶಾಲಾ ಮಕ್ಕಳ ಯೂನಿಫಾರಂ ಹೊಲಿಯುವ ಹನ್ನೊಂದು ಹೆಂಗಸರು. ನಡೆಸುವವರು ಐವತ್ತರ ಆಸುಪಾಸಿನ ಒಬ್ಬ ಮುಸ್ಲಿಂ ಹೆಂಗಸು. ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಕೋಣೆಗೆ ಎರಡು ಕಿಟಕಿ. ಓಣಿಯ ಧೂಳು ಬಿಳಿ ಅಂಗಿಗಳ ಮೇಲೆ ಕೂರುತ್ತದೆಂದು ಒಂದನ್ನು ಮುಚ್ಚಿದ್ದರು. ಇನ್ನೊಂದಕ್ಕೆ ಬಟ್ಟೆಯ ಮೂಟೆಗಳು ಅಡ್ಡವಾಗಿದ್ದವು. ನನಗೆ ಬೇಕಾದದ್ದು ಅಂಥದೇ ಕೋಣೆ. ಕಾಲೇಜಿನ ಸಮಿತಿಯ ಒಪ್ಪಿಗೆ ಪಡೆದು, ಎಲ್ಲರಿಗೂ ವಿವರಿಸಿ, ಸಹಿ ಹಾಕಿಸಿಕೊಂಡೆ.

"ಇದ್ರಿಂದ ಕರೆಂಟು ಬಿಲ್ಲು ಜಾಸ್ತಿ ಬರಲ್ಲ ತಾನೇ?" ಎಂದು ಆಪಾ ಕೇಳಿದ್ದರು.

"ಒಂದು ಫ್ಯಾನಿನಷ್ಟೇ ಆಪಾ."

"ಹಾಗಾದ್ರೆ ಇಡಿ ಬೇಟಿ. ಒಳ್ಳೇದಾದ್ರೆ ನಮಗೇ."

ಪೆಟ್ಟಿಗೆಯನ್ನು ಬಾಗಿಲ ಪಕ್ಕ ಇಟ್ಟೆ. ಯಾಕೆಂದರೆ ಪ್ಲಗ್ ಪಾಯಿಂಟ್ ಅಲ್ಲಿತ್ತು. ಬೇರೆ ಕಾರಣವಿರಲಿಲ್ಲ. ಅಲ್ಲೇ ಯಾಕೆ ಎಂದು ಆಮೇಲೆ ಎಷ್ಟೋ ಜನ ಕೇಳಿದರು, ನಾನೂ ನನ್ನನ್ನು ಕೇಳಿಕೊಂಡೆ. ಪ್ರತಿ ಸಲವೂ ಅದೇ ನಾಚಿಕೆಗೇಡಿನ ಉತ್ತರ.

ಪೆಟ್ಟಿಗೆಗೆ ತೀರಾ ಹತ್ತಿರದ ಮಿಷಿನ್ನಿನಲ್ಲಿ ಕೂರುತ್ತಿದ್ದವಳು ಆಪಾರ ಮಗಳು. ಶ್ರೀನಿವಾಸಪುರಕ್ಕೆ ಮದುವೆಯಾಗಿ ಹೋದವಳು, ಏಳು ತಿಂಗಳ ಬಸುರಿ, ಮೊದಲ ಹೆರಿಗೆಗೆ ತಾಯಿಯ ಮನೆಗೆ ಬಂದಿದ್ದಳು. ಸುಮ್ಮನೆ ಕೂತರೆ ಬೇಜಾರೆಂದು ಕಾಲರ್ ಹೊಲಿಯುತ್ತಿದ್ದಳು. ಅವಳಿಗೆ ಎದುರಾಗಿ, ಕೋಣೆಯ ಆ ತುದಿಯ ಮೂಲೆಯಲ್ಲಿ, ಗುಂಡಿ ಹಚ್ಚುವ ಹಿರಿಯ ಹೆಂಗಸು. ಗಂಡ ಸತ್ತ ಮೇಲೆ ಹದಿನೈದು ವರ್ಷದಿಂದ ಇದೇ ಕೋಣೆಯಲ್ಲಿ ಗುಂಡಿ ಹಚ್ಚುತ್ತಿದ್ದವರು. ಎಲ್ಲರಿಗೂ ದೊಡ್ಡಮ್ಮ. ದೊಡ್ಡಮ್ಮನಿಗೆ ಕೆಮ್ಮಿತ್ತು. "ಚಳಿಗಾಲ ಬಂತಂದ್ರೆ ನಂಗಿದು ಇದ್ದದ್ದೇ," ಎಂದು ಬಾಯಲ್ಲಿ ಲವಂಗ ಇಟ್ಟುಕೊಂಡೇ ಕೆಲಸ ಮಾಡುತ್ತಿದ್ದರು. ಕೆಮ್ಮು ಕೇಳಿ ನಾನು ಒಂದು ಸಲವಾದರೂ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ನಾನು ಅಳೆಯುತ್ತಿದ್ದದ್ದು ಗಾಳಿಯಲ್ಲಿನ ಕಣಗಳನ್ನು, ಮನುಷ್ಯರನ್ನಲ್ಲ.

ಕಣ ಎಣಿಸುವ ಉಪಕರಣವನ್ನು ಕೋಣೆಯ ನಟ್ಟನಡುವೆ ಇಟ್ಟಿದ್ದೆ. ಮೊದಲ ವಾರದಲ್ಲೇ ಎಣಿಕೆ ಅರ್ಧಕ್ಕಿಂತ ಕೆಳಗಿಳಿಯಿತು. ಕೋಲಾರಕ್ಕೆ ವಾಪಸಾಗುವ ಬಸ್ಸಿನಲ್ಲಿ ನಾನು ಒಬ್ಬಳೇ ನಗುತ್ತಿದ್ದೆ.

ಎರಡನೇ ವಾರ ಆಪಾರ ಮಗಳು ನನ್ನನ್ನು ಕರೆದಳು. "ಅಕ್ಕಾ, ಒಂದ್ ಮಾತು ಹೇಳ್ಲಾ? ಈ ಪೆಟ್ಟಿಗೆ ಇಟ್ಟಾಗಿಂದ ದೊಡ್ಡಮ್ಮನ ಲವಂಗದ ವಾಸನೆ ನೇರ ನನ್ನ ಮೂಗಿಗೇ ಬರ್ತದೆ. ಮೊದ್ಲು ಬರ್ತಿರ್ಲಿಲ್ಲ."

ನಾನು ನಕ್ಕೆ. "ಬಸುರಿಯ ಮೂಗು ಹಾಗೇ ಕಣಮ್ಮ. ನಂಗೂ ಬಸುರಿದ್ದಾಗ ಪಕ್ಕದ ಬೀದಿ ಒಗ್ಗರಣೆ ವಾಸನೆ ಬರ್ತಿತ್ತು."

ಅವಳೂ ನಕ್ಕಳು. ಅದನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಲೂ ಇಲ್ಲ.

ಐದು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ, ಪಾಠಕ್ಕೆ ಹೊರಟಿದ್ದಾಗ, ಆಪಾರ ಫೋನ್ ಬಂತು. ದನಿ ಒಡೆದಿತ್ತು. "ಮೇಡಂ, ದೊಡ್ಡಮ್ಮನಿಗೆ ಕೆಮ್ಮಿನಲ್ಲಿ ರಕ್ತ ಬಂತು. ಕಫ ಟೆಸ್ಟ್ ಮಾಡಿದ್ರು. ಟಿ.ಬಿ. ಅಂತೆ. ನಮ್ಮೆಲ್ಲರನ್ನೂ ಟೆಸ್ಟ್ ಮಾಡ್ತಾರಂತೆ. ನೀವೂ ಇಲ್ಲಿ ಕೂತಿದ್ರಲ್ಲ, ನೀವೂ ಬನ್ನಿ."

ಬರುತ್ತೇನೆ ಎಂದೆ. ಫೋನ್ ಇಟ್ಟೆ. ಕಾರಿಡಾರಿನಲ್ಲಿ ನಾಲ್ಕು ಹೆಜ್ಜೆ ನಡೆದಿರಬೇಕು, ಆಗ ಆಪಾರ ಮಗಳ ಮಾತು ಕಿವಿಯಲ್ಲಿ ಕೇಳಿತು: ನೇರ ನನ್ನ ಮೂಗಿಗೇ ಬರ್ತದೆ. ಲವಂಗದ ವಾಸನೆ ಬರುವ ದಾರಿಯಲ್ಲೇ ಕೆಮ್ಮಿನ ಹನಿಯೂ ಬರುತ್ತದೆ. ವಿದ್ಯಾರ್ಥಿಗಳಿಗೆ ಅದನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸುವವಳು ನಾನೇ.

ಮರುದಿನ ಮುಳಬಾಗಿಲಿಗೆ ಹೋದೆ. ಕೆಲಸ ನಿಲ್ಲಿಸಿದ್ದರು. ಆಪಾ ಬೀಗದ ಕೈ ಕೊಟ್ಟು, "ಏನ್ ನೋಡ್ತೀರಾ?" ಎಂದರು. ಗಾಳಿ ನೋಡುತ್ತೇನೆ ಎಂದೆ. ಖಾಲಿ ಕೋಣೆಯಲ್ಲಿ ಮಿಷಿನ್ನುಗಳೆಲ್ಲ ಬಟ್ಟೆ ಹೊದ್ದು ಕೂತಿದ್ದವು. ಮಾಸ್ಕ್ ಕಟ್ಟಿಕೊಂಡು ಒಳಗೆ ಹೋಗಿ ಪೆಟ್ಟಿಗೆಯ ಸ್ವಿಚ್ ಹಾಕಿದೆ. ದೊಡ್ಡಮ್ಮನ ಮಣೆಯ ಹತ್ತಿರ, ಕೂತವರ ಬಾಯಿಯ ಎತ್ತರಕ್ಕೆ, ಒಂದು ಹಿಡಿ ಊದುಬತ್ತಿ ಹಚ್ಚಿ ನಿಲ್ಲಿಸಿದೆ. ಟಾರ್ಚಿನ ಬೆಳಕು ಬಿಟ್ಟು ಹೊಗೆಯನ್ನು ನೋಡುತ್ತಾ ನಿಂತೆ.

ಹೊಗೆ ಮೊದಲು ಒಂದು ಮೊಳ ಮೇಲೆ ಎದ್ದಿತು. ಆಮೇಲೆ ಯಾರೋ ಕೈ ಹಿಡಿದು ಎಳೆದಂತೆ ಬಾಗಿತು. ಪೆಟ್ಟಿಗೆ ಮೇಲಕ್ಕೆ ಊದಿದ ಗಾಳಿ ಛಾವಣಿಗೆ ಬಡಿದು, ಆ ತುದಿಗೆ ಹೋಗಿ, ಗೋಡೆಗುಂಟ ಇಳಿದು, ಕೂತವರ ತಲೆಯ ಮಟ್ಟದಲ್ಲಿ ಪೆಟ್ಟಿಗೆಯ ಕಡೆಗೆ ಹಿಂದಿರುಗುತ್ತಿತ್ತು. ಹೊಗೆಯೂ ಅದರ ಜೊತೆಗೇ ಬಂತು, ನಿಧಾನವಾಗಿ, ಎರಡು ಸಾಲು ಮಿಷಿನ್ನುಗಳ ನಡುವೆ. ಪೆಟ್ಟಿಗೆಗೆ ಸೇರುವ ಮೊದಲು ಅದು ಹಾದುಹೋದ ಕೊನೆಯ ಜಾಗ ಆಪಾರ ಮಗಳ ಸ್ಟೂಲು. ಮಾಸ್ಕ್ ಇಳಿಸಿ ಆ ಸ್ಟೂಲಿನ ಮೇಲೆ ಕೂತೆ. ಊದುಬತ್ತಿಯ ವಾಸನೆ ಮುಖಕ್ಕೇ ಬಡಿಯಿತು.

ಪೆಟ್ಟಿಗೆ ಆರಿಸಿಯೂ ನೋಡಿದೆ. ಆಗ ಹೊಗೆ ಕೋಣೆಯ ತುಂಬಾ ಹರಡಿ, ಮುಸುಕಿನಂತೆ ಬಹಳ ಹೊತ್ತು ತೂಗಾಡಿತು. ಅಂದರೆ ಪೆಟ್ಟಿಗೆ ಇಲ್ಲದಿದ್ದರೆ ಹನ್ನೊಂದು ಜನರೂ ಅದನ್ನೇ ಉಸಿರಾಡುತ್ತಿದ್ದರು. ಪೆಟ್ಟಿಗೆಯಿಂದ ಕೋಣೆಗೆ ಒಟ್ಟಾರೆ ಒಳ್ಳೆಯದೇ ಆಗಿತ್ತು. ಆದರೆ ಆ ಒಂದು ಸ್ಟೂಲಿಗೆ? ನನಗೆ ಗೊತ್ತಿರಲಿಲ್ಲ. ಎಣಿಸುವ ಉಪಕರಣವನ್ನು ನಾನು ಯಾವತ್ತೂ ಅಲ್ಲಿ ಇಟ್ಟಿರಲಿಲ್ಲ.

ಕಾಲೇಜಿಗೆ ಬಂದು ನನ್ನ ಗೈಡ್‌ಗೆ ಎಲ್ಲವನ್ನೂ ಹೇಳಿದೆ. ನಿವೃತ್ತಿಗೆ ಹತ್ತಿರವಿದ್ದ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು, ಇದೆಲ್ಲ ಈಗ ಯಾರಿಗೂ ಹೇಳಬೇಡ, ಎನ್ನಲಿ ಎಂದು ನಾನು ಒಳಗೊಳಗೇ ಕಾಯುತ್ತಿದ್ದೆ. ಅದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

"ಆ ಹೆಂಗಸರಿಗೆ ಹೇಳಿದ್ಯಾ?" ಎಂದರು.

"ಇಲ್ಲ ಸರ್."

"ಮೊದ್ಲು ಅವರಿಗೆ ಹೇಳಮ್ಮ. ನನ್ನ ಹತ್ರ ಆಮೇಲೆ ಬಾ. ನಾನು ಜೊತೆಗೆ ಬರ್ಬೇಕು ಅಂದ್ರೆ ಬರ್ತೀನಿ."

ಬೇಡ ಎಂದೆ. ಆದರೂ ಹೋಗಲು ಮೂರು ದಿನ ತಗೊಂಡೆ.

ಆ ಮೂರು ದಿನದಲ್ಲಿ ನನಗೆ ಕೆಮ್ಮು ಹತ್ತಿತು. ಬರೀ ನೆಗಡಿಯ ಕೆಮ್ಮು, ಆದರೆ ಆಗ ಅದನ್ನು ಯಾರು ನಂಬುತ್ತಾರೆ? ನಮ್ಮ ಮಗಳಿಗೆ ಆಗ ನಾಲ್ಕು ವರ್ಷ. ಅವಳನ್ನು ಬೈರಕೂರಿನ ಹತ್ತಿರ ಇರುವ ನಮ್ಮ ಅಮ್ಮನ ಮನೆಗೆ ಕಳಿಸಿ, ಹೋಗುವಾಗ ಒಂದು ಮುತ್ತನ್ನೂ ಕೊಡದೆ ದೂರದಿಂದಲೇ ಕೈ ಬೀಸಿದೆ. ವೇಮಗಲ್ಲಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಗಂಡ ಶಿಫ್ಟ್ ಮುಗಿಸಿ ಬಂದು, ನಾನು ಚಳಿಯಲ್ಲಿ ಎಲ್ಲ ಕಿಟಕಿ ತೆರೆದು ಶಾಲು ಹೊದ್ದು ಕೂತದ್ದನ್ನು ನೋಡಿ, "ಸುಮ್ನೆ ನೆಗಡಿ ಕಣೇ, ಯಾಕಿಷ್ಟು ಹೆದರ್ತೀಯ?" ಎಂದರು.

ಯಾಕೆ ಹೆದರುತ್ತೇನೆಂದು ನನಗೆ ಗೊತ್ತಿತ್ತು. ನಾನು ಚಿಕ್ಕವಳಿದ್ದಾಗ ನಮ್ಮ ಚಿಕ್ಕಮ್ಮನಿಗೆ ಈ ಕಾಯಿಲೆ ಬಂದಿತ್ತು. ಅವರನ್ನು ಮಾವಿನ ತೋಪಿನ ಪಂಪ್‌ಸೆಟ್ ಮನೆಯಲ್ಲಿ ಇರಿಸಿದ್ದರು. ಊಟದ ಡಬ್ಬಿ ಕೊಟ್ಟು ಬರುವುದು ನನ್ನ ಕೆಲಸ. "ಹೊಸಿಲತ್ರ ಇಟ್ಬಿಟ್ಟು ಉಸಿರು ಬಿಗಿಹಿಡಿದು ಓಡಿ ಬಾ," ಎಂದು ಅಜ್ಜಿ ಹೇಳಿಕೊಟ್ಟಿದ್ದರು. ನಾನು ಹಾಗೇ ಓಡುತ್ತಿದ್ದೆ, ಎದೆ ಒಡೆಯುವವರೆಗೂ ಉಸಿರು ಬಿಡದೆ. ಹಿಂದಿನಿಂದ ಚಿಕ್ಕಮ್ಮ ಏನೋ ಕೇಳುತ್ತಿದ್ದರು. ಸ್ಕೂಲಿಗೆ ಹೋದ್ಯಾ, ಅಂತಲೋ ಏನೋ. ನಿಂತು ಉತ್ತರ ಕೊಟ್ಟದ್ದಿಲ್ಲ. ಆ ಬೇಸಿಗೆಯಲ್ಲೇ ಅವರು ಹೋದರು. ಈಗ ನಲವತ್ತರ ಹೆಂಗಸು, ಕೋಲಾರದ ಬಾಡಿಗೆ ಮನೆಯಲ್ಲಿ, ಮತ್ತೆ ಉಸಿರು ಬಿಗಿಹಿಡಿದು ಕೂತಿದ್ದೆ.

ನಾಲ್ಕನೇ ದಿನ ಆಪಾರ ಮನೆಗೆ ಹೋದೆ. ಕೆಳಗಿನ ಮನೆಯ ನಡುಮನೆಯಲ್ಲಿ ಆಪಾ, ಪಕ್ಕದಲ್ಲಿ ಅವರ ಮಗಳು. ಬಾಗಿಲ ಹತ್ತಿರವೇ ಮಾಸ್ಕ್ ಕಟ್ಟಿಕೊಂಡು ಕೂತು, ಹೊಗೆ ಹೋದ ದಾರಿಯನ್ನು ಇದ್ದದ್ದು ಇದ್ದಂತೆ ಹೇಳಿದೆ. ಪೆಟ್ಟಿಗೆಯನ್ನು ಅಲ್ಲಿ ಇಟ್ಟದ್ದು ನಾನೇ, ಅದು ನನ್ನ ತಪ್ಪು, ಎಂದೆ. ಹುಡುಗಿಯ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು.

ಆಪಾ ಕೂಗಾಡಲಿಲ್ಲ. ಕೂಗಾಡಿದ್ದರೆ ಸುಲಭವಿತ್ತು. "ನಮ್ಮನ್ನ ಕೇಳೇ ಇಟ್ರಿ, ಸೈನೂ ಹಾಕಿದ್ವಿ, ಅದು ಸರಿ," ಎಂದರು. "ಎಲ್ಲಿ ಇಡ್ಬೇಕು ಅಂತ ಒಂದ್ ಮಾತು ಕೇಳಿದ್ರಾ? ಆ ಕೋಣೇಲಿ ಇಪ್ಪತ್ತು ವರ್ಷ ಕೂತಿದೀನಿ. ಹತ್ತಿ ಎಳೆ ಯಾವ ಕಡೆ ಹಾರಿ ಹೋಗ್ತದೆ, ಯಾವ ಮೂಲೇಲಿ ಕೂರ್ತದೆ, ದಿನಾ ಗುಡಿಸೋಳಿಗೆ ಗೊತ್ತಿಲ್ವಾ? ನನ್ನ ಮಗಳು ಬಾಯಿಬಿಟ್ಟು ಹೇಳಿದ್ಲು ನಿಮಗೆ. ನಕ್ಕುಬಿಟ್ರಿ."

"ನಕ್ಕೆ ಆಪಾ."

"ಈಗ ಇವಳಿಗೇನಾದ್ರೂ ಆದ್ರೆ ಇವಳ ಅತ್ತೆಗೆ ನಾನೇನ್ ಹೇಳ್ಲಿ?"

ಹುಡುಗಿಯೇ ಮೆಲ್ಲಗೆ, "ಅಮ್ಮೀ, ಬಿಡು. ಬಂದು ಹೇಳಿದ್ರಲ್ಲ," ಎಂದಳು. ಅವಳ ತುಟಿ ಬೆಳ್ಳಗಾಗಿತ್ತು. ಆಪಾ ಅವಳ ಕೈ ಹಿಡಿದುಕೊಂಡರು. ಆ ದಿನ ನನಗೆ ಟೀ ಕೊಡಲಿಲ್ಲ. ಅದುವರೆಗೆ ಒಂದು ದಿನವೂ ಟೀ ಇಲ್ಲದೆ ಕಳಿಸಿದವರಲ್ಲ.

ಪರೀಕ್ಷೆ ನಡೆಯಿತು. ಎದೆಯ ಎಕ್ಸ್‌ರೇ ತೆಗೆದರು. ಬಸುರಿಗೆ ಹೊಟ್ಟೆಗೆ ಸೀಸದ ಹೊದಿಕೆ ಹೊದಿಸಿ ತೆಗೆದರು. ಎಲ್ಲರ ಎದೆಯೂ ಚೊಕ್ಕಟವಾಗಿತ್ತು. ಆಮೇಲೆ ಮುಂಗೈ ಚರ್ಮದಲ್ಲಿ ಸಣ್ಣ ಸೂಜಿ ಚುಚ್ಚಿ, ಎರಡು ದಿನ ಬಿಟ್ಟು ನೋಡುವ ಪರೀಕ್ಷೆ. ಕೀಟಾಣು ಮೈಗೆ ಹೊಕ್ಕಿದ್ದರೆ ಆ ಜಾಗ ಗಟ್ಟಿಯಾಗಿ ಉಬ್ಬುತ್ತದೆ. ನನ್ನದು ಉಬ್ಬಿತು. ಇನ್ನೂ ಮೂರು ಜನರದ್ದು ಉಬ್ಬಿತು. ಆಪಾರ ಮಗಳದ್ದು ಉಬ್ಬಲಿಲ್ಲ.

ಸದ್ಯ ಅಂದುಕೊಂಡು ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಆದರೆ ಡಾಕ್ಟರ್ ತಲೆಯಾಡಿಸಿದರು. ಅವರು ನಮ್ಮ ಕಡೆಯವರೇ, ಮಾತಿನಲ್ಲಿ ತೆಲುಗಿನ ಎಳೆತವಿತ್ತು. "ಈಗಲೇ ಖುಷಿ ಬೇಡಮ್ಮ. ಹೊಸದಾಗಿ ಸೋಕಿದ್ರೆ ಚರ್ಮದಲ್ಲಿ ಕಾಣೋಕೆ ಎಂಟು ವಾರ ಬೇಕು. ಎಂಟು ವಾರ ಬಿಟ್ಟು ಇವರಿಗೆಲ್ಲ ಮತ್ತೊಂದ್ಸಾರಿ ನೋಡ್ಬೇಕು."

"ನನ್ನದು ಉಬ್ಬಿದೆಯಲ್ಲ ಸರ್?"

"ನಿಮ್ದು ಯಾವಾಗಿಂದೋ ಯಾರಿಗೆ ಗೊತ್ತು. ಚಿಕ್ಕೋರಿದ್ದಾಗ ಮನೇಲಿ ಯಾರಿಗಾದ್ರೂ ಇತ್ತಾ?"

ಇತ್ತು ಎಂದೆ. ಇದು ಕಾಯಿಲೆಯಲ್ಲ, ಮಾತ್ರೆ ಕಾಯಿಲೆ ಏಳದಂತೆ ತಡೆಯುವುದಕ್ಕೆ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಆಗ ಬಿಗಿಹಿಡಿದ ಉಸಿರೂ ಕೆಲಸಕ್ಕೆ ಬಂದಿರಲಿಲ್ಲವೇನೋ.

ಆ ಎಂಟು ವಾರಗಳಲ್ಲಿ ನೆಗಡಿ ವಾಸಿಯಾಯಿತು, ಮಗಳನ್ನು ಮನೆಗೆ ಕರೆತಂದೆವು, ಪಾಠ ಮಾಡಿದೆ, ಪರೀಕ್ಷೆಯ ಪೇಪರ್ ತಿದ್ದಿದೆ. ಯಾವ ಕೋಣೆಗೆ ಹೊಕ್ಕರೂ ಗಾಳಿ ಯಾವ ಕಡೆಯಿಂದ ಯಾವ ಕಡೆಗೆ ಎಂದು ಲೆಕ್ಕ ಹಾಕುತ್ತಿದ್ದೆ. ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ಮುಂದಿನ ಸೀಟಿನಲ್ಲಿ ಯಾರು ಕೂತಿದ್ದಾರೆ ಎಂದು ಕಣ್ಣು ಹುಡುಕುತ್ತಿತ್ತು. ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ ಆಪಾರ ಮಗಳಿಗೆ ಹೆರಿಗೆಯಾಯಿತು. ಗಂಡು ಮಗು, ತೂಕ ಚೆನ್ನಾಗಿದೆ ಎಂದು ಅವಳೇ ಫೋನ್ ಮಾಡಿ ಹೇಳಿದಳು. ಹಿಂದಿನಿಂದ ಮಗು ಅಳುವುದು ಕೇಳಿಸಿತು. ಆ ಅಳುವಿನಲ್ಲಿ ಎಲ್ಲಾದರೂ ಕೆಮ್ಮಿದೆಯೇ ಎಂದು ನಾನು ಕಿವಿಗೊಟ್ಟು ಕೇಳಿದೆ. ತಾಯಿಯಾದವಳು ಖುಷಿಯಲ್ಲಿ ಹೇಳುತ್ತಿದ್ದರೆ ನಾನು ಕೇಳುತ್ತಿದ್ದದ್ದು ಅದನ್ನು.

ಎರಡನೇ ಪರೀಕ್ಷೆಗೆ ಸೂಜಿ ಚುಚ್ಚಿ ಎರಡು ದಿನವಾಗಿ, ಕೈ ನೋಡುವ ದಿನ ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆ. ಆಪಾರ ಮಗಳು ಮಗುವನ್ನು ತಾಯಿಯ ಕೈಗೆ ಕೊಟ್ಟು ಒಳಗೆ ಹೋದಳು. ಐದು ನಿಮಿಷಕ್ಕೆ ಹೊರಗೆ ಬಂದು ಮುಂಗೈ ಚಾಚಿ ತೋರಿಸಿದಳು. ಏನೂ ಇಲ್ಲ. ಬೆರಳಿನಿಂದ ಸವರಿ ನೋಡಿದೆ, ಚರ್ಮ ನುಣ್ಣಗಿತ್ತು. ಅವಳ ಕೈ ಹಿಡಿದು ಅತ್ತುಬಿಟ್ಟೆ. ಆಪಾ ಮಗುವನ್ನು ಒಂದು ತೋಳಿನಲ್ಲಿ ಎತ್ತಿಕೊಂಡು, ಇನ್ನೊಂದು ಕೈಯನ್ನು ನನ್ನ ಬೆನ್ನ ಮೇಲೆ ಇಟ್ಟರು.

ಅಷ್ಟರಲ್ಲಿ ಒಳಗಿನಿಂದ ಇನ್ನೊಬ್ಬಳು ಬಂದಳು. ನಂಗಲಿ ಕಡೆಯ ಹುಡುಗಿ, ಗೋಡೆಯ ಪಕ್ಕ ಕೂತು ಜೇಬು ಹೊಲಿಯುವವಳು. ಮಾತು ಕಡಿಮೆ. ಐದು ವಾರದಲ್ಲಿ ನಾನು ಅವಳ ಹತ್ತಿರ ಮಾತಾಡಿದ್ದು ಎರಡೋ ಮೂರೋ ಸಲ. "ನಂದು ಉಬ್ಬಿದೆ ಮೇಡಂ," ಎಂದಳು. ಮೊದಲ ಸಲ ಉಬ್ಬಿರಲಿಲ್ಲ.

ಎಂಟು ವಾರ ನಾನು ಒಂದೇ ಸ್ಟೂಲಿಗಾಗಿ ಹೆದರಿದ್ದೆ. ಇವಳ ಜಾಗಕ್ಕೆ ಹೊಗೆ ಹೋಗುತ್ತದೆಯೇ ಎಂದು ನೋಡಿರಲೇ ಇಲ್ಲ. ಆ ಸಂಜೆಯೇ ಹೊಲಿಗೆ ಕೋಣೆಯಲ್ಲಿ ಮತ್ತೆ ಊದುಬತ್ತಿ ಹಚ್ಚಿದೆ. ಹೊಗೆ ಒಮ್ಮೆ ಆ ಗೋಡೆಯ ಕಡೆ ತಿರುಗಿತು, ಒಮ್ಮೆ ತಿರುಗಲಿಲ್ಲ. ಏಳು ಸಲ ಹಚ್ಚಿದೆ. ಏನೂ ಖಚಿತವಾಗಲಿಲ್ಲ. ಪೆಟ್ಟಿಗೆ ಇಡುವುದಕ್ಕಿಂತ ಮೊದಲೇ ದೊಡ್ಡಮ್ಮ ಕೆಮ್ಮುತ್ತಿದ್ದರು. ಮಧ್ಯಾಹ್ನದ ಊಟಕ್ಕೆ ಅವರಿಬ್ಬರೂ ಒಟ್ಟಿಗೆ ಕೂರುತ್ತಿದ್ದರಂತೆ. ಯಾವ ಉಸಿರಿನಲ್ಲಿ ಬಂತು ಎಂದು ಹೇಳುವ ಉಪಕರಣ ಯಾರ ಹತ್ತಿರವೂ ಇಲ್ಲ.

ಆ ಹುಡುಗಿಗೂ ಇದನ್ನೆಲ್ಲ ಹೇಳಿದೆ. ಅವಳು ನನ್ನ ಮುಖ ನೋಡಿ, "ಮಾತ್ರೆ ತಗೊಂಡ್ರೆ ಕಾಯಿಲೆ ಆಗಲ್ಲ ತಾನೇ?" ಎಂದು ಮಾತ್ರ ಕೇಳಿದಳು. ಬಹುಪಾಲು ಆಗಲ್ಲ ಎಂದೆ. ಬಹುಪಾಲು ಎಂಬ ಮಾತಿಗೆ ಅವಳ ಹುಬ್ಬು ಗಂಟಾಯಿತು. ಆದರೂ ಕೊನೆಯ ಮಾತ್ರೆಯವರೆಗೂ ತಪ್ಪದೆ ನುಂಗಿದಳು. ಇವತ್ತಿನವರೆಗೆ ಚೆನ್ನಾಗಿದ್ದಾಳೆ.

ಆಪಾ ಪೆಟ್ಟಿಗೆಯನ್ನು ವಾಪಸ್ ಕಳಿಸುತ್ತಾರೆ ಅಂದುಕೊಂಡಿದ್ದೆ. ಅವರು ಎಲ್ಲರನ್ನೂ ಕೂರಿಸಿಕೊಂಡು, ಮೂಟೆಗಳನ್ನು ಸರಿಸಿ ಆ ಕಿಟಕಿ ತೆರೆಸಿದರು. ಇನ್ನೊಂದಕ್ಕೆ ಸೊಳ್ಳೆ ಪರದೆಯಂಥ ತೆಳು ಬಟ್ಟೆ ಹೊಡೆಸಿ ಅದನ್ನೂ ತೆರೆದರು. ಗೋಡೆಯ ಮೇಲ್ಭಾಗದಲ್ಲಿ ಗಾಳಿ ಹೊರಗೆ ತಳ್ಳುವ ಫ್ಯಾನ್ ಕೂರಿಸಿದೆವು. ಪೆಟ್ಟಿಗೆಗೆ ಜಾಗ ಹುಡುಕಲು ಎರಡು ದಿನ ಎಲ್ಲರೂ ಸೇರಿ ಹೊಗೆ ನೋಡಿದೆವು. ನನ್ನ ಪ್ರಬಂಧದಲ್ಲಿ ಒಂದು ಅಧ್ಯಾಯ ಪೂರ್ತಿ ಈ ತಪ್ಪಿನ ಬಗ್ಗೆಯೇ ಇದೆ. ಈಗಲೂ ಹೊಸ ಕೋಣೆಯಲ್ಲಿ ಸ್ವಿಚ್ ಹಾಕುವ ಮೊದಲು ಹೆದರಿಕೆಯಾಗುತ್ತದೆ.

ದೊಡ್ಡಮ್ಮ ಆರು ತಿಂಗಳು ಔಷಧಿ ಮುಗಿಸಿ, ಮುಖದ ಮೇಲೆ ಸ್ವಲ್ಪ ಮಾಂಸ ತುಂಬಿಕೊಂಡು ಮರಳಿ ಬಂದರು. ಕಿಟಕಿಯ ಪಕ್ಕ ಜಾಗ ಕೊಟ್ಟಿದ್ದರು. ನಾನು ಹೋದ ದಿನ ಉಳಿದವರು ಊಟಕ್ಕೆ ಕೆಳಗೆ ಇಳಿದಿದ್ದರು. ಅವರು ಮಾತ್ರ ಗುಂಡಿಯ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡು ಸುತ್ತ ನೋಡಿ ದನಿ ತಗ್ಗಿಸಿದರು.

"ನೀನು ಓದಿದೋಳು, ನಿಜ ಹೇಳ್ಬೇಕು. ಆ ನಂಗಲಿ ಹುಡುಗಿಗೆ ಬಂದಿದ್ದು ನನ್ನಿಂದಾನಾ?"

ಅವರ ಕಣ್ಣಲ್ಲಿ ಇದ್ದದ್ದು ನನಗೆ ಚೆನ್ನಾಗಿ ಗುರುತಿರುವ ಹೆದರಿಕೆ. ಇಲ್ಲ ಎನ್ನಲು ಬಾಯಿ ತೆರೆದೆ. ಆಗಲಿಲ್ಲ.

"ಗೊತ್ತಿಲ್ಲ ದೊಡ್ಡಮ್ಮ. ನನ್ನಿಂದಾನಾ ಅಂತಾನೂ ಗೊತ್ತಿಲ್ಲ. ಯಾರಿಗೂ ಗೊತ್ತಾಗಲ್ಲ."

ಅವರು ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿದರು. ಆಮೇಲೆ ಮಣೆಯ ಮೇಲೆ ಸರಿದು ಜಾಗ ಮಾಡಿ, "ಕೂತ್ಕೋ," ಎಂದರು. ಕೂತೆ.